ಕಾರಿನ ತಂಪು ತಪ್ಪಿದಾಗ

ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಸಂಸಾರ. ಯಜಮಾನರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಅವರ ಪತ್ನಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಜೊತೆಗೆ ಎಂಬತ್ತನ್ನು ದಾಟಿದ ತಾಯಿ. ಮನೆಯ ಇನ್ನೊಬ್ಬ ಸದಸ್ಯನೆಂಬಂತೆ ಇಪ್ಪತ್ತು ವರ್ಷದ ಒಂದು ಸಣ್ಣ ಕಾರು. ಮಾರ್ಚ್ ತಿಂಗಳ ಒಂದು ದಿನ ಮೂವರೂ ಅದೇ ಕಾರಿನಲ್ಲಿ ಬಳ್ಳಾರಿಯ ಮಗಳ ಮನೆಗೆ ಹೊರಟರು. ತುಮಕೂರು ದಾಟುವಾಗ ಕಾರಿನೊಳಗೆ ಹಿತವಾದ ತಂಪು. ಹಿರಿಯೂರನ್ನು ಬಿಟ್ಟು ಚಳ್ಳಕೆರೆಯ ದಾರಿ ಹಿಡಿಯುವ ಹೊತ್ತಿಗೆ, ಸೂರ್ಯನು ನೆತ್ತಿಗೇರಿದಾಗ, ಏ.ಸಿ.ಯ ಕಿಂಡಿಗಳಿಂದ ಒಲೆಯ ಬಾಯಿಯ ಗಾಳಿ ಬರತೊಡಗಿತು. ಮುದುಕಿಯ ಮುಖ ಬಾಡಿತು, ಮಾತು ನಿಂತಿತು. ಗಾಬರಿಗೊಂಡ ಮಗ ಹುಣಿಸೆಯ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ತಾಯಿಯ ಮುಖಕ್ಕೆ ನೀರು ತಟ್ಟಿ ಗಾಳಿ ಹಾಕಿದರು. ಒಂದು ಗಂಟೆ ಕಳೆದು ಮತ್ತೆ ಹೊರಟಾಗ, ಆಶ್ಚರ್ಯ! ಏ.ಸಿ. ಏನೂ ಆಗಿಲ್ಲವೆಂಬಂತೆ ತಣ್ಣನೆಯ ಗಾಳಿ ಕೊಟ್ಟಿತು. ಅರ್ಧ ಗಂಟೆಯ ಬಳಿಕ ಮತ್ತೆ ಅದೇ ಬಿಸಿಗಾಳಿ.

ಮೇ ತಿಂಗಳಿನಲ್ಲಿ ಬಳ್ಳಾರಿಯಲ್ಲಿಯೇ ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. “ನಾನು ಬಂದೇ ಬರುವೆ, ಮೊದಲು ನಿನ್ನ ಕಾರನ್ನು ಸರಿಮಾಡಿಸು” ಎಂದು ತಾಯಿ ಹಟ ಹಿಡಿದರು. ಮಗ ಒಂದು ವರ್ಕ್‌ಷಾಪಿಗೆ ಹೋದರು. ಅಲ್ಲಿಯವರು “ಗ್ಯಾಸು ಕಡಮೆಯಾಗಿದೆ” ಎಂದು ಗ್ಯಾಸು ತುಂಬಿ ಹಣ ಪಡೆದರು. ಎರಡು ದಿನದಲ್ಲಿ ರೋಗ ಮರುಕಳಿಸಿತು. ಇನ್ನೊಂದು ವರ್ಕ್‌ಷಾಪಿನವರು ಬಾನೆಟ್ಟನ್ನು ಎತ್ತಿ ನೋಡಿ, “ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು” ಎಂದರು. ಅವರು ಹೇಳಿದ ಮೊತ್ತವನ್ನು ಕೇಳಿ, ಕಾರನ್ನೇ ಮಾರಿದರೂ ಅಷ್ಟು ಹಣ ಹುಟ್ಟುವುದೋ ಇಲ್ಲವೋ ಎಂಬ ಚಿಂತೆ ಯಜಮಾನರನ್ನು ಹಿಡಿಯಿತು.

ಹಳೆಯ ಕಾರುಳ್ಳ ಅನೇಕ ಸಂಸಾರಗಳಿಗೆ ಈ ಪ್ರಸಂಗ ಹೊಸದೇನೂ ಅಲ್ಲ. ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಳ್ಳುವುದುಂಟೆ? ಆದರೂ ತಂಪು ತಪ್ಪಿದ ಮಾತ್ರಕ್ಕೆ ಕಂಪ್ರೆಸರನ್ನೇ ಕಿತ್ತೆಸೆಯುವ ವಾಡಿಕೆ ಬೆಳೆದಿದೆ. ವೈದ್ಯನಂತೆ ಮೆಕ್ಯಾನಿಕನೂ ಮೊದಲು ರೋಗದ ನಿದಾನವನ್ನು ಮಾಡಬೇಕು. ಆ ನಿದಾನಕ್ಕೆ ನಿಧಾನವೇ ಪ್ರಧಾನ.

ತಂಪು ಹುಟ್ಟುವ ಬಗೆ

ಮಣ್ಣಿನ ಹೂಜಿಯಲ್ಲಿಟ್ಟ ನೀರು ಬೇಸಗೆಯಲ್ಲಿಯೂ ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುವುದರಿಂದಲೇ ಆ ತಂಪು. ಕಾರಿನ ಏ.ಸಿ.ಯ ಮರ್ಮವೂ ಇದೇ. ಅದು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ನೀರಿನ ಬದಲು ಇಲ್ಲಿ ಬಲು ಬೇಗ ಕುದಿಯುವ ಒಂದು ದ್ರವವಿರುತ್ತದೆ. ಇಪ್ಪತ್ತು ವರ್ಷದ ಕಾರುಗಳಲ್ಲಿ ಸಾಮಾನ್ಯವಾಗಿರುವ ‘ಆರ್-134ಎ’ ಎಂಬ ಗ್ಯಾಸು, ಹೊರಗಿನ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ.

ಡ್ಯಾಷ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಈ ದ್ರವ ಆವಿಯಾಗಿ ಕಾರಿನೊಳಗಿನ ಗಾಳಿಯ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಳೆದುಕೊಂಡು ಬಲವಾಗಿ ಒತ್ತುತ್ತದೆ. ಒತ್ತಿದ ಆವಿ ಬಿಸಿಯೇರಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಬಂದು, ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ದ್ರವವು ಡ್ರೈಯರ್ ಎಂಬ ಡಬ್ಬಿಯಲ್ಲಿ ನೀರಿನ ಪಸೆಯನ್ನೂ ಕಸವನ್ನೂ ಕಳೆದುಕೊಂಡು, ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರಿದಾದ ರಂಧ್ರದ ಮೂಲಕ ಕೂಲಿಂಗ್ ಕಾಯಿಲ್‌ಗೆ ಹಿಂದಿರುಗುತ್ತದೆ. ಕಂಪ್ರೆಸರು ಈ ಚಕ್ರದ ಹೃದಯ. ಹೃದಯಕ್ಕೆ ಬೇಕಾದ ಎಣ್ಣೆಯೂ ಗ್ಯಾಸಿನ ಜೊತೆಯಲ್ಲಿಯೇ ಸಂಚರಿಸುತ್ತದೆಂಬ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದು ಉಪಯೋಗಕ್ಕೆ ಬರುವುದು.

ಅಮೆರಿಕದ ಪ್ಯಾಕರ್ಡ್ ಸಂಸ್ಥೆಯು 1939 ರಲ್ಲಿ, 1940 ರ ಮಾದರಿಯ ಕಾರುಗಳಿಗೆಂದು, ಕಾರ್ಖಾನೆಯಲ್ಲಿಯೇ ಅಳವಡಿಸಿದ ತಂಪುಯಂತ್ರವನ್ನು ಮೊದಲ ಬಾರಿಗೆ ಮಾರಾಟಕ್ಕಿಟ್ಟಿತು. ಅದಕ್ಕೆ 274 ಡಾಲರ್ ಹೆಚ್ಚುವರಿ ಬೆಲೆ. ಅದರ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಎಂಜಿನ್ ತಿರುಗುತ್ತಿರುವಷ್ಟು ಕಾಲವೂ ಕಂಪ್ರೆಸರ್ ತಿರುಗುತ್ತಿತ್ತು; ಅದನ್ನು ನಿಲ್ಲಿಸಬೇಕೆಂದರೆ ಎಂಜಿನ್ನನ್ನು ಆರಿಸಿ, ಕೆಳಗಿಳಿದು, ಬೆಲ್ಟನ್ನೇ ಕಳಚಬೇಕಾಗಿತ್ತು. ಈ ತೊಡಕನ್ನು ತಪ್ಪಿಸಿದುದು ಅನಂತರ ಬಂದ ವಿದ್ಯುತ್ಕಾಂತದ ಕ್ಲಚ್ಚು. ಕಂಪ್ರೆಸರಿನ ಪುಲ್ಲಿ ಬೆಲ್ಟಿನ ಜೊತೆ ಸದಾ ತಿರುಗುತ್ತಲೇ ಇರುತ್ತದೆ, ಏ.ಸಿ. ಗುಂಡಿಯನ್ನು ಒತ್ತಿದಾಗ ಪುಲ್ಲಿಯ ಹಿಂದಿನ ತಂತಿಯ ಸುರುಳಿ ಅಯಸ್ಕಾಂತವಾಗಿ, ಮುಂದಿರುವ ಉಕ್ಕಿನ ಫಲಕವನ್ನು ‘ಟಕ್’ ಎಂದು ಸೆಳೆದು ಪುಲ್ಲಿಗೆ ಅಂಟಿಸುತ್ತದೆ. ಆಗ ಮಾತ್ರ ಕಂಪ್ರೆಸರಿನ ಒಳಭಾಗ ತಿರುಗುವುದು. ಈ ‘ಟಕ್’ ಎಂಬ ಸಣ್ಣ ಸದ್ದಿನಲ್ಲಿಯೇ ಅರ್ಧ ರೋಗನಿದಾನ ಅಡಗಿದೆ.

ಮನೆಯವರೇ ನೋಡಬಹುದಾದುದು

ಬಾನೆಟ್ಟನ್ನು ಎತ್ತುವ ಮುನ್ನ ಒಂದು ಎಚ್ಚರಿಕೆ. ತಿರುಗುವ ಬೆಲ್ಟಿನ ಬಳಿ ಸೆರಗು, ಶಲ್ಯ, ಸಡಿಲವಾದ ತೋಳು ಯಾವುದೂ ಸುಳಿಯಕೂಡದು. ಕೈಯಿಡಬೇಕಾದರೆ ಎಂಜಿನ್ನನ್ನು ನಿಲ್ಲಿಸಿಯೇ ಇಡಬೇಕು. ರೇಡಿಯೇಟರಿನ ಫ್ಯಾನು ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಲ್ಲದು.

ದೂರದಲ್ಲಿ ನಿಂತು ಮನೆಯ ಇನ್ನೊಬ್ಬರಿಂದ ಏ.ಸಿ. ಗುಂಡಿ ಒತ್ತಿಸಿದರೆ ಮೂರು ಸಂಗತಿಗಳು ತಿಳಿಯುವುವು. ‘ಟಕ್’ ಎಂಬ ಸದ್ದಾಗಿ ಪುಲ್ಲಿಯ ಮುಂದಿನ ಫಲಕ ತಿರುಗತೊಡಗಿತೇ? ಎಂಜಿನ್ನಿನ ಧ್ವನಿ ಸ್ವಲ್ಪ ಭಾರವಾಯಿತೇ? ಕಂಡೆನ್ಸರಿನ ಫ್ಯಾನು ತಿರುಗಿತೇ? ಫಲಕ ತಿರುಗದಿದ್ದರೆ ವಿದ್ಯುತ್ತಿನ ದಾರಿಯನ್ನು ಶೋಧಿಸಬೇಕು. ತಿರುಗಿಯೂ ತಂಪಿಲ್ಲದಿದ್ದರೆ ಗ್ಯಾಸಿನ ದಾರಿಯನ್ನು. ಈ ಒಂದು ಕವಲನ್ನು ಗುರುತಿಸಿದರೆ ಅರ್ಧ ಖರ್ಚು ಉಳಿದಂತೆಯೇ.

ಸದ್ದುಗಳಿಗೂ ಅರ್ಥವಿದೆ. ಏ.ಸಿ. ಆರಿಸಿದ್ದಾಗಲೂ ಬೀಸುವ ಕಲ್ಲಿನಂತೆ ‘ಗರಗರ’ ಎಂಬ ಸದ್ದು ಬರುತ್ತಿದ್ದರೆ ಪುಲ್ಲಿಯ ಬೇರಿಂಗು ಸವೆದಿರುವ ಸಂಭವ ಹೆಚ್ಚು. ಏಕೆಂದರೆ ಆಗ ತಿರುಗುತ್ತಿರುವುದು ಪುಲ್ಲಿ ಮಾತ್ರ. ಬೇರಿಂಗನ್ನು ಬೇರೆಯಾಗಿಯೇ ಬದಲಿಸಬಹುದು. ಆದರೆ ಅದನ್ನು ಅಲಕ್ಷಿಸಿದರೆ ಪುಲ್ಲಿ ಬಿಗಿದು ಬೆಲ್ಟು ತುಂಡಾದೀತು. ಕೆಲವು ಕಾರುಗಳಲ್ಲಿ ಅದೇ ಬೆಲ್ಟು ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವುದರಿಂದ, ತಂಪಿನ ಚಿಂತೆ ಹೋಗಿ ಊರು ಸೇರುವ ಚಿಂತೆ ಬಂದೀತು. ಏ.ಸಿ. ಹಾಕಿದ ಕ್ಷಣದಲ್ಲಿ ‘ಕಿರ್’ ಎಂದರೆ ಬೆಲ್ಟು ಅಥವಾ ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬೇಕು. ಏ.ಸಿ. ನಡೆಯುವಾಗ ಮಾತ್ರ ಒಳಗಿನಿಂದ ಕುಟ್ಟುವ ಸದ್ದು ಬಂದರೆ, ಆಗ ಕಂಪ್ರೆಸರಿನ ಒಡಲಿನ ಮೇಲೆಯೇ ಸಂಶಯ ಪಡುವುದು ಸಮಂಜಸ.

ಕಾರು ನಿಂತಾಗ ಅಡಿಯಲ್ಲಿ ತೊಟ್ಟಿಕ್ಕುವ ತಿಳಿನೀರನ್ನು ಕಂಡು ಹಲವರು ಹೆದರುವರು. ಅದು ಗಾಳಿಯಲ್ಲಿನ ತೇವ ಕೂಲಿಂಗ್ ಕಾಯಿಲ್‌ನ ಮೇಲೆ ನೀರಾಗಿ ಇಳಿದುದು. ಆರೋಗ್ಯದ ಲಕ್ಷಣವೇ ಹೊರತು ರೋಗವಲ್ಲ. ಪೈಪುಗಳ ಕೀಲಿನಲ್ಲಿಯೋ ಕಂಪ್ರೆಸರಿನ ಮುಂಭಾಗದಲ್ಲಿಯೋ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡು ಕಪ್ಪು ಕಲೆಯಾಗಿದ್ದರೆ ಮಾತ್ರ ಗಮನಿಸಬೇಕು. ಎಣ್ಣೆ ಜಿನುಗಿದ ಕಡೆಯಲ್ಲಿ ಗ್ಯಾಸೂ ಜಿನುಗಿರುತ್ತದೆ.

ಗೇಜು ಹೇಳುವ ಮಾತು

ಗ್ಯಾಸಿನ ದಾರಿಯನ್ನು ಪರೀಕ್ಷಿಸಲು ಮೆಕ್ಯಾನಿಕನು ಎರಡು ಗೇಜುಗಳನ್ನು ಜೋಡಿಸುತ್ತಾನೆ. ಒಂದು ಕಂಪ್ರೆಸರ್ ಎಳೆದುಕೊಳ್ಳುವ ಕಡೆಯ ಒತ್ತಡವನ್ನೂ ಇನ್ನೊಂದು ಅದು ಹೊರದೂಡುವ ಕಡೆಯ ಒತ್ತಡವನ್ನೂ ತೋರಿಸುತ್ತವೆ. ಸಾಧಾರಣ ಬೇಸಗೆಯಲ್ಲಿ, ಎಂಜಿನ್ ಸ್ವಲ್ಪ ವೇಗವಾಗಿ ತಿರುಗುತ್ತಿರುವಾಗ, ಮೊದಲನೆಯದು ಚದರ ಅಂಗುಲಕ್ಕೆ ಸುಮಾರು 25 ರಿಂದ 45 ಪೌಂಡು, ಎರಡನೆಯದು ಸುಮಾರು 200 ರಿಂದ 250 ಪೌಂಡು ಇದ್ದರೆ ಆರೋಗ್ಯವೆನ್ನಬಹುದು.

ಎರಡೂ ಕಡಮೆಯಿದ್ದರೆ ಗ್ಯಾಸು ಸೋರಿದೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರಿನ ಫ್ಯಾನು ನಿಂತಿದೆ, ಕಂಡೆನ್ಸರಿನ ಸಂದುಗಳಲ್ಲಿ ಧೂಳು ತುಂಬಿದೆ, ಅಥವಾ ಗ್ಯಾಸು ಅತಿಯಾಗಿದೆ. ಎಳೆಯುವ ಕಡೆಯ ಮುಳ್ಳು ಸೊನ್ನೆಯತ್ತ ಕುಸಿದು ಬಿದ್ದರೆ ಡ್ರೈಯರಿನಲ್ಲಿಯೋ ವಾಲ್ವಿನಲ್ಲಿಯೋ ಏನೋ ಅಡಚಿಕೊಂಡಿದೆ. ಇವುಗಳಲ್ಲಿ ಯಾವುದಕ್ಕೂ ಕಂಪ್ರೆಸರನ್ನು ಬದಲಿಸುವ ಪ್ರಮೇಯವಿಲ್ಲ. ಎಳೆಯುವ ಕಡೆ ಒತ್ತಡ ಹೆಚ್ಚಾಗಿದ್ದು, ದೂಡುವ ಕಡೆ ಕಡಮೆಯಾಗಿದ್ದು, ಎಂಜಿನ್ ವೇಗ ಹೆಚ್ಚಿಸಿದರೂ ಮುಳ್ಳುಗಳು ಒಂದನ್ನೊಂದು ಬಿಟ್ಟು ದೂರ ಸರಿಯದಿದ್ದರೆ, ಆಗ ಕಂಪ್ರೆಸರಿಗೆ ಒತ್ತುವ ಶಕ್ತಿ ಕುಂದಿದೆಯೆಂದು ನಂಬಬಹುದು.

ಇಲ್ಲಿ ಒಂದು ಮೋಸಕ್ಕೆ ಎಡೆಯಿದೆ. ನಿಂತ ಕಾರಿನ ಗೇಜು ನೋಡಿ “ಗ್ಯಾಸು ಇಷ್ಟಿದೆ” ಎನ್ನುವವರ ಮಾತನ್ನು ನಂಬಕೂಡದು. ಎಂಜಿನ್ ನಿಂತಾಗಿನ ಒತ್ತಡವನ್ನು ನಿರ್ಣಯಿಸುವುದು ಗ್ಯಾಸಿನ ಪ್ರಮಾಣವಲ್ಲ, ಹವೆಯ ಶಾಖ. 30 ಡಿಗ್ರಿಯ ದಿನ ಒಳಗೆ ಒಂದಿಷ್ಟು ದ್ರವವಿದ್ದರೂ ಸರಿ, ತುಂಬಿದ್ದರೂ ಸರಿ, ಆರ್-134ಎ ಗ್ಯಾಸಿನ ಮುಳ್ಳು 97 ಪೌಂಡಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂಬುದು ತೂಗಿದರೆ ತಾನೇ ತಿಳಿಯುವುದು? ಹಾಗೆಯೇ ಏ.ಸಿ.ಗೂ ತಕ್ಕಡಿಯೇ ಪ್ರಮಾಣ. ಹಳೆಯದನ್ನು ಯಂತ್ರದಿಂದ ಹೊರತೆಗೆದು, ಕನಿಷ್ಠ ಅರ್ಧ ಗಂಟೆ ನಿರ್ವಾತಗೊಳಿಸಿ, ಕಾರಿನ ಮೇಲಣ ಚೀಟಿಯಲ್ಲಿ ಬರೆದಿರುವಷ್ಟನ್ನೇ ತೂಗಿ ತುಂಬಬೇಕು. ಸಣ್ಣ ಕಾರಿಗೆ ಅದು ಸಾಮಾನ್ಯವಾಗಿ ಅರ್ಧ ಕಿಲೋಗ್ರಾಮಿನ ಆಸುಪಾಸು.

ಇನ್ನೊಂದು ಅಪಾಯಕರ ವಾಡಿಕೆ, ಪ್ರೆಷರ್ ಸ್ವಿಚ್ಚಿನ ತಂತಿಗಳನ್ನು ನೇರವಾಗಿ ಜೋಡಿಸಿಬಿಡುವುದು. ಗ್ಯಾಸು ಬಹಳ ಕಡಮೆಯಾದಾಗ ಕ್ಲಚ್ಚಿಗೆ ವಿದ್ಯುತ್ತನ್ನು ತಡೆಯುವುದು ಆ ಸ್ವಿಚ್ಚಿನ ಧರ್ಮ. ತಡೆದುದಕ್ಕಾಗಿ ಅದನ್ನೇ ಅಪರಾಧಿಯೆಂದು ಬಗೆದು ದಾಟಿಸಿಬಿಟ್ಟರೆ, ಕಂಪ್ರೆಸರೇನೋ ತಿರುಗುತ್ತದೆ. ಆದರೆ ಗ್ಯಾಸಿನ ಜೊತೆಗೆ ಹರಿದು ಬರಬೇಕಾದ ಎಣ್ಣೆ ಬರುವುದಿಲ್ಲ. ಒಣಗಿ ತಿರುಗಿದ ಯಂತ್ರವು ಕೆಲವು ದಿನಗಳಲ್ಲಿ ತನ್ನನ್ನೇ ತಾನು ಅರೆದುಕೊಳ್ಳುತ್ತದೆ. ಕಾವಲುಗಾರನ ಬಾಯಿ ಕಟ್ಟಿದ ಮನೆಗೆ ಕಳ್ಳ ಬಂದಂತೆಯೇ ಇದು.

ಮೇಸ್ತ್ರಿಯ ಪರೀಕ್ಷೆ

ಬಸವನಗುಡಿಯ ಯಜಮಾನರು ಕೊನೆಗೆ ಒಬ್ಬ ಗೆಳೆಯರ ಸಲಹೆಯಂತೆ ಜೆ. ಸಿ. ರಸ್ತೆಯ ಹಿಂಭಾಗದ ಒಂದು ಗಲ್ಲಿಗೆ ಹೋದರು. ಅಲ್ಲಿ ತಲೆ ನರೆತ ಒಬ್ಬ ಮೇಸ್ತ್ರಿ, ಬಾನೆಟ್ಟನ್ನು ಮುಟ್ಟುವ ಮುನ್ನ ಪ್ರಶ್ನೆಗಳನ್ನು ಕೇಳತೊಡಗಿದ.

“ಬೆಳಿಗ್ಗೆ ಹೊರಟಾಗ ತಂಪು ಬರುತ್ತದೆಯೇ, ಸಾರ್?”

“ಚೆನ್ನಾಗಿಯೇ ಬರುತ್ತದೆ.”

“ಎಂಜಿನ್ ಕಾದ ಮೇಲೆ ನಿಲ್ಲುತ್ತದೆ, ಗಾಡಿ ತಣ್ಣಗಾದರೆ ಮತ್ತೆ ಬರುತ್ತದೆ. ಹೌದೇ?”

“ಹೌದು. ಅದು ನಿಮಗೆ ಹೇಗೆ ಗೊತ್ತಾಯಿತು?”

“ಸೋರಿದ ಗ್ಯಾಸು ಸಂಜೆ ಹೊತ್ತಿಗೆ ಹಿಂದಿರುಗಿ ಬರುವುದಿಲ್ಲ, ಸಾರ್. ಸತ್ತ ಕಂಪ್ರೆಸರೂ ಒಂದು ಗಂಟೆ ಮಲಗಿ ಏಳುವುದಿಲ್ಲ” ಎಂದು ಮೇಸ್ತ್ರಿ ನಕ್ಕ.

ಎಂಜಿನ್ನನ್ನು ಮುಕ್ಕಾಲು ಗಂಟೆ ಓಡಿಸಿದರು. ತಂಪು ನಿಂತಿತು. ಮೇಸ್ತ್ರಿ ಕ್ಲಚ್ಚಿನ ತಂತಿಗೆ ಮೀಟರ್ ಹಿಡಿದ. ವಿದ್ಯುತ್ತು ಪೂರ್ಣವಾಗಿ ಬರುತ್ತಿತ್ತು. ಎಂದರೆ ಫ್ಯೂಸು, ರಿಲೇ, ಪ್ರೆಷರ್ ಸ್ವಿಚ್ಚು, ಥರ್ಮೊಸ್ಟಾಟು ಎಲ್ಲವೂ ನಿರಪರಾಧಿಗಳು. ವಿದ್ಯುತ್ತು ಬಂದರೂ ಫಲಕ ಮಾತ್ರ ಪುಲ್ಲಿಗೆ ಅಂಟದೆ ಸುಮ್ಮನೆ ನಿಂತಿತ್ತು. ಆತ ಎಂಜಿನ್ನನ್ನು ನಿಲ್ಲಿಸಿ, ಫಲಕಕ್ಕೂ ಪುಲ್ಲಿಗೂ ನಡುವಣ ಸಂದಿನಲ್ಲಿ ಫೀಲರ್ ಗೇಜಿನ ತೆಳುವಾದ ಪಟ್ಟಿಗಳನ್ನು ತೂರಿಸಿ ಅಳೆದ. ಸುಮಾರು ಅರ್ಧ ಮಿಲಿಮೀಟರು ಇರಬೇಕಾದ ಸಂದು ಒಂದು ಮಿಲಿಮೀಟರನ್ನು ಮೀರಿತ್ತು.

ಕಾರಣ ಸರಳ. ಇಪ್ಪತ್ತು ವರ್ಷಗಳಲ್ಲಿ ಆ ಫಲಕ ಲಕ್ಷಾಂತರ ಬಾರಿ ಅಂಟಿ ಬಿಟ್ಟು ಸವೆದಿತ್ತು. ಸಂದು ದೊಡ್ಡದಾದಷ್ಟೂ ಅಯಸ್ಕಾಂತದ ಸೆಳೆತ ಕುಗ್ಗುವುದು. ಅದರ ಮೇಲೆ, ತಾಮ್ರದ ತಂತಿ ಕಾದಷ್ಟೂ ವಿದ್ಯುತ್ತಿಗೆ ಅದರ ತಡೆ ಹೆಚ್ಚುವುದು: 30 ಡಿಗ್ರಿಯಲ್ಲಿದ್ದ ಸುರುಳಿ 110 ಡಿಗ್ರಿಗೆ ಏರಿದರೆ ಅದರಲ್ಲಿ ಹರಿಯುವ ವಿದ್ಯುತ್ತು ಸುಮಾರು ಕಾಲು ಭಾಗ ಇಳಿಯುವುದು. ಬೆಳಗಿನ ತಂಪಿನಲ್ಲಿ ಹೇಗೋ ಫಲಕವನ್ನು ಸೆಳೆಯುತ್ತಿದ್ದ ಅಯಸ್ಕಾಂತ, ಥರ್ಮೊಸ್ಟಾಟು ಒಮ್ಮೆ ಬಿಡಿಸಿದ ಮೇಲೆ, ನಡುಹಗಲಿನ ಬಿಸಿಯಲ್ಲಿ ಅದನ್ನು ಮತ್ತೆ ಸೆಳೆಯಲಾರದೆ ಸೋಲುತ್ತಿತ್ತು.

ಮೇಸ್ತ್ರಿ ಫಲಕದ ನಡುವಣ ಬೋಲ್ಟನ್ನು ಬಿಚ್ಚಿ, ಅದರ ಹಿಂದೆ ಸಂದನ್ನು ಸರಿಹೊಂದಿಸಲೆಂದೇ ಇಟ್ಟಿರುವ ತೆಳುವಾದ ವಾಷರುಗಳಲ್ಲಿ ಒಂದನ್ನು ತೆಗೆದು, ಮತ್ತೆ ಜೋಡಿಸಿ ಅಳೆದ. ಸಂದು ಅರ್ಧ ಮಿಲಿಮೀಟರಿಗೆ ಇಳಿಯಿತು. ಮೊದಲಿನ ವರ್ಕ್‌ಷಾಪಿನವರು ಅಳತೆಯಿಲ್ಲದೆ ತುಂಬಿದ್ದ ಗ್ಯಾಸನ್ನು ಹೊರತೆಗೆದು ತೂಗಿ ತುಂಬಿದ. ಎಲ್ಲ ಸೇರಿ ಒಂದು ಮಧ್ಯಾಹ್ನದ ಕೆಲಸ; ಹೊಸ ಬಿಡಿಭಾಗ ಒಂದೂ ಇಲ್ಲ.

ನಿಜವಾಗಿಯೂ ಕೆಟ್ಟಿದ್ದರೆ

ಎಲ್ಲ ಪ್ರಸಂಗಗಳೂ ಹೀಗೆ ಅಗ್ಗದಲ್ಲಿ ಮುಗಿಯುವುವೆಂದು ಭಾವಿಸಲಾಗದು. ಕಂಪ್ರೆಸರಿನ ಒಳಗು ಸವೆದು ಲೋಹದ ಪುಡಿ ಎಣ್ಣೆಯಲ್ಲಿ ಬೆರೆತಿದ್ದರೆ ಅದನ್ನು ಬದಲಿಸಲೇಬೇಕು. ಆದರೆ ಕಂಪ್ರೆಸರನ್ನು ಮಾತ್ರ ಬದಲಿಸಿದರೆ ಸಾಲದು. ಪೈಪುಗಳನ್ನು ತೊಳೆದು, ಡ್ರೈಯರನ್ನು ತಪ್ಪದೆ ಹೊಸದಾಗಿ ಹಾಕಿ, ವಾಲ್ವನ್ನೂ ಕಂಡೆನ್ಸರನ್ನೂ ಪರೀಕ್ಷಿಸಬೇಕು. ಇಲ್ಲವಾದರೆ ಹಳೆಯ ಪುಡಿ ಹೊಸ ಯಂತ್ರವನ್ನೂ ತಿನ್ನುವುದು. ಎಣ್ಣೆಯ ಜಾತಿಯೂ ಪ್ರಮಾಣವೂ ತಯಾರಕರು ಹೇಳಿದಂತೆಯೇ ಇರಬೇಕು. ಹಳೆಯ ಆರ್-12 ಗ್ಯಾಸಿನ ಯಂತ್ರಗಳಿಗೆ ಖನಿಜ ತೈಲವಿತ್ತು; ಅದು ಆರ್-134ಎ ಗ್ಯಾಸಿನೊಡನೆ ಬೆರೆಯುವುದಿಲ್ಲ. ಆದುದರಿಂದ ಗ್ಯಾಸನ್ನು ಬದಲಿಸಿದವರು ಎಣ್ಣೆಯನ್ನೂ ಬದಲಿಸಬೇಕು.

ಆರ್-12 ಮರೆಯಾದುದರ ಹಿಂದೆ ಒಂದು ದೊಡ್ಡ ಕಥೆಯಿದೆ. ಆ ಜಾತಿಯ ಅನಿಲಗಳು ಆಕಾಶದ ಓಜೋನ್ ಪದರವನ್ನು ನಾಶಮಾಡಬಲ್ಲವೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974 ರಲ್ಲಿ ತೋರಿಸಿದರು. 1987 ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1995 ರಲ್ಲಿ ಆ ಇಬ್ಬರಿಗೂ ಕ್ರುಟ್ಸೆನ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡುವುದಿಲ್ಲ. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಒಂದು ಕಿಲೋ ಗ್ಯಾಸು ಸುಮಾರು 1,400 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಒಂದು ಸಣ್ಣ ಕಾರಿನ ಅರ್ಧ ಕಿಲೋ ಗ್ಯಾಸನ್ನು ಗಾಳಿಗೆ ಬಿಡುವುದೆಂದರೆ ಸುಮಾರು 300 ಲೀಟರು ಪೆಟ್ರೋಲನ್ನು ಸುಟ್ಟಂತೆ. ಸೋರಿಕೆಯನ್ನು ಹುಡುಕದೆ ವರ್ಷವರ್ಷವೂ ಗ್ಯಾಸು ತುಂಬಿಸುವವರು ತಮ್ಮ ಕಿಸೆಗೆ ಮಾತ್ರವಲ್ಲ, ಊರಿನ ಹವೆಗೂ ನಷ್ಟ ಮಾಡುತ್ತಾರೆ. ಅಗ್ಗವೆಂದು ಅಡುಗೆ ಅನಿಲದ ಜಾತಿಯ ಬೆಂಕಿ ಹಿಡಿಯುವ ಗ್ಯಾಸನ್ನು ತುಂಬಿಸುವುದಂತೂ ಸಂಸಾರವನ್ನೇ ಪಣಕ್ಕಿಟ್ಟಂತೆ.

ಕಾಪಾಡುವ ಬಗೆಯೂ ಕಷ್ಟದ್ದಲ್ಲ. ಮಳೆಗಾಲ ಚಳಿಗಾಲಗಳಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಏ.ಸಿ. ಹಾಕಿದರೆ ಎಣ್ಣೆ ಸಂಚರಿಸಿ ಕಂಪ್ರೆಸರಿನ ಸೀಲು ಒಣಗದೆ ಉಳಿಯುತ್ತದೆ. ಕಂಡೆನ್ಸರಿನ ಸಂದುಗಳ ಧೂಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಬೆಲ್ಟಿನಲ್ಲಿ ಬಿರುಕು ಕಂಡರೆ ಬದಲಿಸಬೇಕು. ವರ್ಕ್‌ಷಾಪಿಗೆ ಹೋದಾಗ “ಏ.ಸಿ. ಕೆಟ್ಟಿದೆ” ಎಂದಷ್ಟೇ ಹೇಳದೆ, ಯಾವ ಹೊತ್ತಿನಲ್ಲಿ, ಎಷ್ಟು ದೂರ ಹೋದ ಮೇಲೆ, ಯಾವ ಸದ್ದಿನೊಡನೆ ಕೆಟ್ಟಿತೆಂಬುದನ್ನು ವಿವರಿಸಬೇಕು. ಕಂಪ್ರೆಸರ್ ಬದಲಿಸಬೇಕೆಂದು ಹೇಳಿದವರನ್ನು, “ಕ್ಲಚ್ಚಿಗೆ ವಿದ್ಯುತ್ತು ಬರುತ್ತಿದೆಯೇ? ಸಂದು ಎಷ್ಟಿದೆ? ಎರಡು ಗೇಜುಗಳೂ ಎಷ್ಟು ತೋರಿಸುತ್ತವೆ?” ಎಂದು ವಿನಯದಿಂದ ಕೇಳಬೇಕು. ಉತ್ತರವಿಲ್ಲದಿದ್ದಲ್ಲಿ ಕಾರಿನ ಬೀಗದ ಕೈಯನ್ನು ಹಿಂದಕ್ಕೆ ಪಡೆಯುವುದೇ ಲೇಸು.

ಮೇ ತಿಂಗಳ ಮದುವೆಗೆ ಆ ಸಂಸಾರ ಅದೇ ಕಾರಿನಲ್ಲಿ ಬಳ್ಳಾರಿಗೆ ಹೊರಟಿತು. ನಡುಹಗಲಿನಲ್ಲಿ ಚಳ್ಳಕೆರೆ ಬಂದಿತು. ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ಮಗ ಮಾತ್ರ ಆ ‘ಟಕ್’ ಎಂಬ ಸದ್ದಿಗೆ ಕಿವಿಗೊಟ್ಟೇ ಇದ್ದರು. ಅದು ತಪ್ಪದೆ ಕೇಳಿಬರುತ್ತಿತ್ತು. ಹಳೆಯ ಹುಣಿಸೆಯ ಮರವನ್ನು ದಾಟುವಾಗ ಅವರು ಹಿಂದಿರುಗಿ ನೋಡಿದರು. ತಾಯಿ ಶಾಲನ್ನು ಕಿವಿಯವರೆಗೆ ಎಳೆದುಕೊಂಡು, “ಸ್ವಲ್ಪ ಕಡಮೆ ಮಾಡಪ್ಪ, ಚಳಿಯಾಗುತ್ತದೆ” ಎಂದರು.